ಕೆಳಗಿನ ಮನೆಯ ರಿಂಗ್

ಠಣ್ — ಮತ್ತೆ ಹಿಂದಿನ ಕಬ್ಬಿಣಕ್ಕೇ ಬಡಿಯಿತು, ಬಡಿಯಲಿ, ಹನ್ನೊಂದು ಗಂಟೆಯಿಂದ ಇದು ಎಷ್ಟನೆಯದೋ, ಕಿಟಕಿಯ ಪರದೆ ಸರಿಸಿ ನೋಡುವ ಅಗತ್ಯವಿಲ್ಲ, ಪೂರ್ಣಿಮಾಳಿಗೆ ಸದ್ದಿನಲ್ಲೇ ಗೊತ್ತಾಗುತ್ತದೆ, ಚೆಂಡು ರಿಂಗಿನ ಮುಂದಿನ ಅಂಚಿಗೆ ತಾಗಿದರೆ ಮಂದ ಸದ್ದು, ಹಿಂದಿನ ಅಂಚಿಗಾದರೆ ಹೀಗೆ ಠಣ್, ಎಸೆತ ಉದ್ದವಾಯಿತೆಂದು ಅರ್ಥ, ಮುಗ್ಧಾ ಎಸೆದದ್ದಿರಬೇಕು, ಇನ್ನೂ ಉದ್ದವೇ ಹೋಗುತ್ತಿದೆ, ಹೋಗಲಿ, ಎರಡು ವರ್ಷದ ರೂಢಿ ಒಂದೇ ಮುಂಜಾನೆಯಲ್ಲಿ ಬಿಟ್ಟುಹೋಗುತ್ತದೆಯೇ, ಎಸಿ ಮಗಳೇ ಎಸಿ, ನಾನಿಲ್ಲಿ ಕೂತಿದ್ದೇನೆ — ಮೇಡಂ, ಓದಿದ್ರೇನ್ರಿ, ಎಂದು ಕುಲಸಚಿವ ಬಸವಪ್ರಸಾದರು ಕೇಳುತ್ತಿದ್ದಾರೆ, ಎರಡನೆಯ ಸಲ ಕೇಳುತ್ತಿದ್ದಾರೆ, ಓದೀನ್ರಿ ಸರ್, ಓದಲು ಅದರಲ್ಲಿರುವುದೇ ಮೂರು ಸಾಲು, ಮಹಿಳಾ ಬಾಸ್ಕೆಟ್‌ಬಾಲ್ ತಂಡದ ತರಬೇತುದಾರರ ಶಿಫಾರಸಿನ ಮೇರೆಗೆ, ತಂಡದ ಸತತ ಕಳಪೆ ಪ್ರದರ್ಶನವನ್ನು ಗಮನಿಸಿ, ಈ ವರ್ಷದಿಂದ ಸದರಿ ತಂಡವನ್ನು ಕೈಬಿಡಲು ತೀರ್ಮಾನಿಸಲಾಗಿದೆ, ಪುರುಷರ ತಂಡ ಯಥಾಪ್ರಕಾರ ಮುಂದುವರಿಯುವುದು, ಯಥಾಪ್ರಕಾರ ಎಂಬ ಮಾತನ್ನು ಹುಡುಕಿ ಇಟ್ಟವರ ಕೈಗೆ ಬಂಗಾರದ ಕಡಗ ತೊಡಿಸಬೇಕು, ಪುರುಷರ ತಂಡವೂ ಗೋವಾದಲ್ಲಿ ಮೊದಲ ಪಂದ್ಯವೇ ಸೋತು ಬಂದಿದೆ, ಹುಡುಗರು ಸೋತರೆ ಅದು ಅನುಭವ, ಹುಡುಗಿಯರು ಸೋತರೆ ಕಳಪೆ, ಇನ್ನು ತರಬೇತುದಾರರು ಎಂದರೆ ತಾನೇ, ಹನ್ನೆರಡು ವರ್ಷದಿಂದ ಅತಿಥಿ ತರಬೇತುದಾರಳು, ಯಾವ ಮನೆಯವರು ಅತಿಥಿಯನ್ನು ಹನ್ನೆರಡು ವರ್ಷ ಪಡಸಾಲೆಯಲ್ಲೇ ಕೂರಿಸುತ್ತಾರೋ, ಹಾಳೆಯ ಪಕ್ಕಕ್ಕೆ ಹಸಿರು ಫೈಲು, ಅದರೊಳಗೆ ಅವಳ ಕಾಯಂ ನೇಮಕದ ಆದೇಶ, ಎರಡನ್ನೂ ಅಂಚಿಗೆ ಅಂಚು ಕೂಡಿಸಿ ಇಟ್ಟಿದ್ದಾರೆ, ಬಾಯಿಬಿಟ್ಟು ಏನೂ ಹೇಳಿಲ್ಲ, ಹೇಳುವುದೂ ಬೇಕಿಲ್ಲ, ನಿನ್ನೆ ಫೋನಿನಲ್ಲಿ ಹೇಳಿ ಆಗಿದೆ, ನಿಮ್ಮದೂ ಒಂದ ದಾರಿ ಆಗ್ತೈತಿ ಮೇಡಂ, ಯೋಗಾ, ಫಿಟ್‌ನೆಸ್ ನೋಡ್ಕೊಂಡು ಆರಾಮ ಇರ್ರಿ. ಆರಾಮ ಇರಬಹುದು, ಒಂದು ಸಹಿ ಮಾಡಿದರೆ ಸಾಕು, ಪೆನ್ನಿನ ಮುಚ್ಚಳವನ್ನೂ ಅವರೇ ತೆಗೆದಿಟ್ಟಿದ್ದಾರೆ.

ಬಾಜೂ ಕುರ್ಚಿಯಲ್ಲಿ ಮಾರ್ತಾಂಡ ಸರ್, ಪುರುಷರ ತಂಡದ ತರಬೇತುದಾರರು, ಇನ್ನೆರಡು ವರ್ಷಕ್ಕೆ ನಿವೃತ್ತಿ, ಕೊರಳಲ್ಲಿ ಸೀಟಿ ಇಲ್ಲದ ಮಾರ್ತಾಂಡ ಸರ್ ಅವರನ್ನು ಇವತ್ತಿಗೂ ಯಾರೂ ನೋಡಿಲ್ಲ, ಊಟಕ್ಕೆ ಕೂತರೆ ಸೀಟಿ ಸಾರಿನೊಳಗೆ ಇಳಿಯುತ್ತದೆ, ಅವರೂ ಕಿಟಕಿಯ ಕಡೆ ಕಿವಿ ಕೊಟ್ಟಿದ್ದಾರೆ, ಅವರಿಗೂ ಸದ್ದಿನ ಅರ್ಥ ಗೊತ್ತು, ಅದನ್ನು ಅವಳಿಗೆ ಕಲಿಸಿದವರೇ ಅವರು, ಅದನ್ನು ಅಲ್ಲಗಳೆಯಲಾರಳು, ಇಪ್ಪತ್ತೊಂದು ವರ್ಷದ ಹಿಂದೆ ಇದಿನ್ನೂ ವಿಶ್ವವಿದ್ಯಾಲಯವಾಗಿರಲಿಲ್ಲ, ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ರಸ್ತೆಯ ಪಕ್ಕ ಗೇರುಗಿಡಗಳ ನಡುವೆ ಒಂದು ಕಾಲೇಜು, ಗೇಟಿನ ಮುಂದೆ ಬಸ್ಸು ನಿಲ್ಲಿಸಲು ಕಂಡಕ್ಟರು ಗೊಣಗುತ್ತಿದ್ದ, ಶಹಾಪುರದಿಂದ ಬರುತ್ತಿದ್ದ ಉದ್ದ ಕಾಲಿನ ಹುಡುಗಿಯನ್ನು ನೋಡಿ, ಏ, ಯಾರ ಮಗಳ ನೀ, ಬಾ ಇಲ್ಲೆ, ಎಂದು ಕರೆದು ಕೈಗೆ ಚೆಂಡು ಕೊಟ್ಟವರು ಈ ಸರ್ ತಾನೇ, ಅಂಕಣ ಆಗಲೂ ಹೀಗೇ ಇತ್ತು, ನಡುಗೆರೆಯವರೆಗೆ ಕಾಂಕ್ರೀಟು, ಅಲ್ಲಿಂದಾಚೆ ಕಲ್ಲಿನ ಪುಡಿ ಹಾಸಿ ಬಡಿದ ಕೆಂಪು ನೆಲ, ನಡುವೆ ಒಂದು ಮೆಟ್ಟಿಲು, ಮೇಲಿನ ಅರ್ಧ ಹುಡುಗರದು, ಕೆಳಗಿನ ಅರ್ಧ ಹುಡುಗಿಯರದು, ಮ್ಯಾಲಿನ ಮನಿ, ಕೆಳಗಿನ ಮನಿ ಎಂದೇ ಎಲ್ಲರ ಬಾಯಲ್ಲೂ, ಮುಂದಿನ ವರ್ಷ ಕೆಳಗಿನ ಮನಿಗೂ ಕಾಂಕ್ರೀಟ್ ಬರ್ತೈತಿ ಎಂದು ಅವಳು ಸೇರಿದ ವರ್ಷ ಹೇಳಿದ್ದರು, ಆ ಮುಂದಿನ ವರ್ಷ ಇನ್ನೂ ಬಂದಿಲ್ಲ, ಹುಡುಗರಿಗೆ ಪಂದ್ಯ ಹತ್ತಿರ ಬಂತೆಂದರೆ ಬಸ್ಸು ಮಾಡಿ ಬೆಳಗಾವಿಯ ಪೂರ್ತಿ ಅಂಕಣಕ್ಕೆ ಕರೆದೊಯ್ಯುತ್ತಾರೆ, ಹುಡುಗಿಯರಿಗೆ ಬಸ್ಸು ಯಾತಕ್ಕೆ, ಹೊತ್ತು ಮುಳುಗಿದರೆ ಮನೆಯವರು ಬೈತಾರೆ, ಅವರ ಮನೆಯವರ ಚಿಂತೆ ಇವರಿಗೆ ಎಷ್ಟೊಂದು, ಮೆಟ್ಟಿಲನ್ನು ಮಾತ್ರ ಎಲ್ಲರೂ ನೋಡಿದ್ದಾರೆ, ಎಡವಿದ್ದಾರೆ, ಅವಳ ಬಲಗಾಲಿನ ಹೆಬ್ಬೆರಳು ಎರಡು ಸಲ ಉಗುರು ಕಳೆದುಕೊಂಡಿದೆ, ನೆಲಾ ನೋಡಿ ಆಡ ಎಂದರು, ನೆಲ ನೋಡುತ್ತ ನೋಡುತ್ತ ಯಾರೂ ಕತ್ತೆತ್ತಿ ಮೇಲೆ ನೋಡಲಿಲ್ಲ, ಆಮೇಲೆ ಕೊನೆಯ ವರ್ಷ ವಲಯ ತಂಡದ ಆಯ್ಕೆ, ಬೆಳಗಾವಿಯಲ್ಲಿ, ಇಪ್ಪತ್ತು ಎಸೆತ ಕೊಟ್ಟರು, ಹದಿನೇಳು ಠಣ್, ಗೆರೆಯ ಮೇಲೆ ನಿಂತ ಪೂರ್ಣಿಮಾಳಿಗೆ ತನ್ನ ಕೈ ತನ್ನದಲ್ಲ ಅನಿಸಿತ್ತು, ಕೆಳಗಿನ ಮನೆಯಲ್ಲಿ ಕಣ್ಣು ಮುಚ್ಚಿ ಹಾಕುತ್ತಿದ್ದ ಹುಡುಗಿ, ಸರ್ರ, ಇಲ್ಲೀದು ರಿಂಗ್ ಗಿಡ್ಡ ಅನಸ್ತದರಿ ಎಂದಳು, ಮಾರ್ತಾಂಡ ಸರ್ ನಕ್ಕರು, ರಿಂಗ್ ಎಲ್ಲಾ ಕಡೆ ಹತ್ತ ಫೂಟ್ ಇರ್ತೈತಿ ಪೂರ್ಣಿಮಾ, ದಿಲ್ಲಿಯೊಳಗೂ ಹತ್ತು, ಗಲ್ಲಿಯೊಳಗೂ ಹತ್ತು, ನಿನ್ನ ಕೈ ನೋಡ್ಕೋ — ನೋಡಿಕೊಂಡಳು, ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಅಂಗೈ ಮೇಲೆ ಮಾಡಿ ನೋಡಿಕೊಂಡಳು, ಹದಿನೆಂಟು ವರ್ಷ ನೋಡಿಕೊಳ್ಳುತ್ತಲೇ ಬಂದಳು. ಆ ಕೈಯಲ್ಲಿ ಏನೂ ಊನ ಕಾಣುತ್ತಿರಲಿಲ್ಲ, ಕಾಣದ್ದಕ್ಕೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಠಣ್ — ಇದು ಮುಗ್ಧಾಳದೇ, ಖಂಡಿತ, ಅವಳ ಎಸೆತದಲ್ಲಿ ಒಂದು ಹಟವಿರುತ್ತದೆ, ಖಾನಾಪುರದ ಹುಡುಗಿ, ಮನೆಯಲ್ಲಿ ಮರಾಠಿ, ಬಸ್ಸಿನಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ ಒಟ್ಟಿಗೆ, ಕಳೆದ ವಾರ ಗೋವಾದಲ್ಲಿ ಒಂಬತ್ತು ಅಂಕಕ್ಕೆ ನಲವತ್ತೊಂದರಿಂದ ಸೋತು ತಿರುಗಿ ಬರುವಾಗ ಮಾತ್ರ ಯಾವ ಭಾಷೆಯೂ ಇರಲಿಲ್ಲ ಅವಳ ಬಾಯಲ್ಲಿ, ಲೋಂಡಾದಲ್ಲಿ ಗಾಡಿ ಬದಲಿಸಬೇಕು, ಎರಡು ತಾಸು ಪ್ಲಾಟ್‌ಫಾರ್ಮಿನ ಮೇಲೆ, ಸುತ್ತ ಕಾಡು, ಮಂಗಗಳು ತಗಡಿನ ಮೇಲೆ ಓಡಾಡುತ್ತಿವೆ, ಹುಡುಗಿಯರು ಬ್ಯಾಗಿನ ಮೇಲೆ ತಲೆಯಿಟ್ಟು ಮಲಗಿದ್ದಾರೆ, ಮುಗ್ಧಾ ಮಾತ್ರ ಎದ್ದು ಬಂದು ಪಕ್ಕದಲ್ಲಿ ಕೂತಳು, ಕೈಯಲ್ಲಿ ತಿನ್ನದೇ ಹಿಡಿದ ವಡಾಪಾವ್, ಮ್ಯಾಡಂ, ಒಂದ ಮಾತು, ಸಿಟ್ಟಾಗಬ್ಯಾಡ್ರಿ, ಅಲ್ಲೀದು ರಿಂಗ್ ಗಿಡ್ಡ ಇತ್ತರಿ, ಖರೇ ಹೇಳ್ತೀನ್ರಿ — ಆಗ ಪೂರ್ಣಿಮಾ ಏನಂದಳು, ಯೋಚಿಸಲಿಲ್ಲ, ಒಂದು ಉಸಿರೂ ತಡೆಯಲಿಲ್ಲ, ಮಾತು ಬಾಯಲ್ಲಿ ತಯಾರಾಗಿಯೇ ಕೂತಿತ್ತು, ರಿಂಗ್ ಎಲ್ಲಾ ಕಡೆ ಹತ್ತ ಫೂಟ್ ಇರ್ತೈತಿ, ನಿನ್ನ ಕೈ ನೋಡ್ಕೋ, ಎಂದಳು, ಅದೇ ಮಾತು, ಅದೇ ರಾಗ, ಮಾರ್ತಾಂಡ ಸರ್ ತನ್ನ ಗಂಟಲೊಳಗೆ ಸೀಟಿ ಸಮೇತ ಮನೆ ಮಾಡಿಕೊಂಡಿದ್ದಾರೆಂದು ಅವತ್ತೇ ಗೊತ್ತಾದದ್ದು, ಹುಡುಗಿ ವಡಾಪಾವನ್ನು ಬೆಂಚಿನ ಮೇಲಿಟ್ಟಳು, ಒಂದು ಮಂಗ ಇಳಿದು ಬಂದು ಒಯ್ದೇಬಿಟ್ಟಿತು, ಅದನ್ನೂ ನೋಡಲಿಲ್ಲ, ಕೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ನೋಡುತ್ತ ಕೂತಳು, ಆ ಕೈ, ಆ ಚಾಚಿದ ಬೆರಳು, ಹುಬ್ಬಳ್ಳಿ ಕಡೆಯ ಗಾಡಿ ಬಂದು ಹೋಯಿತು, ಇವರ ಗಾಡಿ ಬಂತು, ಪೂರ್ಣಿಮಾಳಿಗೆ ತನ್ನ ಮುಖಕ್ಕೆ ತಾನೇ ಬಾರಿಸಿಕೊಳ್ಳಬೇಕು ಅನಿಸಿತು, ನಾಚಿಕೆ ಎಂದರೆ ಇದು, ಸೋತದ್ದಕ್ಕಲ್ಲ, ತನಗೆ ಕೊಟ್ಟ ಸುಳ್ಳನ್ನು ಹದಿನೆಂಟು ವರ್ಷ ಜೋಪಾನ ಮಾಡಿ ಇನ್ನೊಬ್ಬಳ ಕೈಗೆ ಹಾಕಿದ್ದಕ್ಕೆ. ಆದರೂ ಅದು ಸುಳ್ಳೆಂದು ಆಗಿನ್ನೂ ಗೊತ್ತಿರಲಿಲ್ಲ.

ಗೊತ್ತಾದದ್ದು ಸ್ಟೂಲಿನಿಂದ, ಹೌದು, ಸಿಪಾಯಿ ಮಾಯಪ್ಪನ ಸ್ಟೂಲು, ಗಾಡಿ ಖಾನಾಪುರ ದಾಟುವಾಗ ಥಟ್ಟನೆ ಕಣ್ಣ ಮುಂದೆ ಬಂತು, ಪ್ರತಿ ವರ್ಷ ದಸರೆಯ ಖಂಡೇಪೂಜೆಯ ದಿನ ಮಾಯಪ್ಪ ಎರಡೂ ರಿಂಗಿಗೆ ಚೆಂಡುಹೂವಿನ ಹಾರ ಕಟ್ಟುತ್ತಾನೆ, ಮೇಲಿನ ಮನೆಯಲ್ಲಿ ಸ್ಟೂಲು ಹತ್ತಿ ಸಲೀಸಾಗಿ ಕಟ್ಟಿ ಇಳಿಯುತ್ತಾನೆ, ಕೆಳಗಿನ ಮನೆಗೆ ಬಂದರೆ ಅದೇ ಸ್ಟೂಲು, ಅದೇ ಮಾಯಪ್ಪ, ತುದಿಗಾಲ ಮೇಲೆ ನಿಂತು ಏದುಸಿರು ಬಿಡುತ್ತ, ಯವ್ವಾ, ಇದೇನ ಮ್ಯಾಲ ಮ್ಯಾಲ ಹೋಗಾಕತ್ತೈತಿ, ಎನ್ನುತ್ತಿದ್ದ, ಎಲ್ಲರೂ ನಗುತ್ತಿದ್ದರು, ನಿನಗ ವಯಸ್ಸಾತೋ ಮಾಯಪ್ಪಾ, ಅವಳೂ ನಕ್ಕಿದ್ದಳು, ಎಷ್ಟೋ ಖಂಡೇಪೂಜೆ ನಕ್ಕಿದ್ದಾಳೆ, ಇವತ್ತು ಬೆಳಕು ಹರಿಯುವ ಮೊದಲೇ ಎದ್ದು ಬಾಗಿಲ ಮೇಲಿನ ಗೂಟದಿಂದ ಅಪ್ಪನ ಗಜ ತೆಗೆದುಕೊಂಡಳು, ಬಟ್ಟೆ ಅಳೆಯುವ ಕಬ್ಬಿಣದ ಗಜ, ಮೂರು ಫೂಟಿನದು, ಅಪ್ಪ ಗುರುಪುತ್ರಪ್ಪ ಶಹಾಪುರದ ಮನೆಯ ಮಗ್ಗದ ಮೇಲೆ ಸೀರೆ ನೇಯುತ್ತಿದ್ದ ಕಾಲದ್ದು, ಎಲೀ, ಆ ಕಬ್ಬಿಣದ ತುಂಡು ಯಾಕ ಒಯ್ಯಾಕತ್ತಿ, ಅದರಿಂದಽ ಮನ್ಯಾಗಿನ ಮಗ್ಗಾ ಹೋತು, ಎಂದು ಅವ್ವ ಸಿದ್ದಕ್ಕ ಹಾಸಿಗೆಯಿಂದಲೇ ಗುಡುಗಿದಳು, ಅವ್ವ ಹೇಳುವುದು ಸುಳ್ಳಲ್ಲ, ಪೇಟೆಯ ಸಾವಕಾರ ತನ್ನ ಗಜದಿಂದ ಅಳೆದರೆ ಅಪ್ಪನ ಸೀರೆ ಪ್ರತಿ ಸಲ ಗಿಡ್ಡ ಬೀಳುತ್ತಿತ್ತು, ಅಪ್ಪ ಮಗ್ಗ ಬಿಚ್ಚಿ ಕಟ್ಟಿದ, ನೂಲು ಬದಲಿಸಿದ, ತನ್ನ ಕೈಯನ್ನೇ ಬೈದುಕೊಂಡ, ಹೌದು, ಅಪ್ಪನೂ ಕೈಯನ್ನೇ ಬೈದುಕೊಂಡ, ಕೊನೆಗೊಂದು ದಿನ ಈ ಗಜವನ್ನು ಧೋತರದಲ್ಲಿ ಸುತ್ತಿಕೊಂಡು ಹೋಗಿ ಸಾವಕಾರನ ಬಿಳಿ ಗಾದಿಯ ಮೇಲೆ ಎರಡನ್ನೂ ಬಾಜೂ ಬಾಜೂ ಮಲಗಿಸಿದ, ಸಾವಕಾರನದು ಉದ್ದ ಇತ್ತು, ಎಲ್ಲರೂ ನೋಡಿದರು, ಸಾವಕಾರ ಅಂದ, ಗುರುಪುತ್ರಪ್ಪಾ, ನಿನ್ನ ಗಜಾನಽ ಗಿಡ್ಡ ಐತಿ, ಅಷ್ಟೇ, ಆಮೇಲೆ ಆ ಅಂಗಡಿಯಿಂದ ಕೆಲಸ ಬರಲಿಲ್ಲ, ಬೇರೆ ಅಂಗಡಿಯಿಂದಲೂ ಬರಲಿಲ್ಲ, ಅಪ್ಪ ಸಾಯುವವರೆಗೂ ಯಾರದೋ ಪವರ್‌ಲೂಮಿನ ಮುಂದೆ ನಿಂತ, ಆದರೂ ವರ್ಷಕ್ಕೊಮ್ಮೆ ಖಂಡೇಪೂಜೆಗೆ ಗಜಕ್ಕೆ ಎಣ್ಣೆ ಹಚ್ಚುತ್ತಿದ್ದ, ಪಶ್ಚಾತ್ತಾಪ ಪಟ್ಟವನ ಮುಖ ಅದಲ್ಲ, ಅವಳಿಗೆ ಚೆನ್ನಾಗಿ ನೆನಪಿದೆ — ಮುಂಜಾನೆ ಏಳಕ್ಕೆ ಮುಗ್ಧಾಳನ್ನು ಮಾಯಪ್ಪನ ಸ್ಟೂಲಿನ ಮೇಲೆ ಹತ್ತಿಸಿ ಕೆಳಗಿನ ಮನೆಯ ರಿಂಗಿಗೆ ಹಗ್ಗ ಕಟ್ಟಿಸಿದಳು, ಹಗ್ಗ ನೆಲ ಮುಟ್ಟಿದ ಕಡೆ ಕತ್ತರಿಸಿದಳು, ಬಿಚ್ಚಿ ಕಾಂಕ್ರೀಟಿನ ಮೇಲೆ ಹಾಸಿದಳು, ಗಜ ಇಟ್ಟಳು, ಒಂದು, ಎರಡು, ಮೂರು ಗಜ, ಮೇಲೊಂದು ಫೂಟು, ಹತ್ತು ಆಯಿತು, ಹಗ್ಗ ಮುಗಿಯಲಿಲ್ಲ, ಇನ್ನೂ ಉಳಿದಿತ್ತು, ಮುಗ್ಧಾ ಕೂತು ಉಳಿದ ತುದಿಯ ಮೇಲೆ ತನ್ನ ಕೈ ಇಟ್ಟಳು, ನಾಲ್ಕು ಬೆರಳು, ಒತ್ತಿ ಜೋಡಿಸಿದ ನಾಲ್ಕು ಬೆರಳು, ಹೆಚ್ಚಿಲ್ಲ, ಕಡಿಮೆಯಿಲ್ಲ, ಮ್ಯಾಡಂ, ನಾಕ ಬಟ್ಟ, ಎಂದಳು, ಮೇಲಿನ ಮನೆಯ ರಿಂಗನ್ನೂ ಅಳೆದರು, ಹತ್ತು ಫೂಟು, ಒಂದು ನೂಲೆಳೆಯೂ ಹೆಚ್ಚಿಲ್ಲ, ಹುಡುಗಿ ಅಳುತ್ತಾಳೇನೋ ಎಂದುಕೊಂಡರೆ ಎದ್ದು ನಿಂತು ಮರಾಠಿಯಲ್ಲೊಂದು, ಕನ್ನಡದಲ್ಲೊಂದು ಬೈಗುಳ ಬೈದಳು, ಪೂರ್ಣಿಮಾ ಮೊದಲ ಸಲ ಅದನ್ನು ಕೇಳಿಸಿಕೊಂಡೂ ಕೇಳಿಸಿಕೊಳ್ಳದಂತೆ ಇದ್ದಳು. ಇವತ್ತು ಎಲ್ಲಾರೂ ಮ್ಯಾಲಿನ ಮನ್ಯಾಗ ಎಸೀರಿ, ಯಾರರೆ ಕೇಳಿದ್ರ ನನ್ನ ಹೆಸರು ಹೇಳ್ರಿ, ಎಂದು ಹೇಳಿ ಸಭೆಗೆ ಬಂದಳು.

ಮಾಯಪ್ಪ ಚಹಾ ತಂದ, ಬಸಿಯಲ್ಲಿ ಚೆಲ್ಲಿದೆ, ಕೈಗಿಂತ ಮೊದಲು ಅವನ ಬಾಯಿ ಬಂತು, ಸರ್ರ, ಹುಡುಗ್ಯಾರು ಮ್ಯಾಲಿನ ಮನ್ಯಾಗ ಆಡಾಕತ್ತಾರ್ರಿ, ಹುಡುಗೂರು ಕೆಳಗ ನಿಂತ ನೋಡಾಕತ್ತಾರ್ರಿ, ಬಸವಪ್ರಸಾದರು ಕನ್ನಡಕ ತೆಗೆದರು, ಯಾರ ಹೇಳಿದ್ರು ಅವರಿಗೆ, ನಾನಽ ಹೇಳೀನ್ರಿ, ಎಂದಳು ಪೂರ್ಣಿಮಾ, ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು, ಕುರ್ಚಿಗೆ ಆನಿಸಿದ್ದ ಗಜವನ್ನು ಎತ್ತಿ ಮೇಜಿನ ಮೇಲೆ ಉದ್ದಕ್ಕೆ ಇಟ್ಟಳು, ಅದರ ಪಕ್ಕ ಚೀಲದಿಂದ ಹಗ್ಗ ತೆಗೆದು ಇಟ್ಟಳು, ಚಹಾದ ಕಪ್ಪುಗಳು ಸರಿದು ದಾರಿ ಬಿಟ್ಟವು, ಕೆಳಗಿನ ರಿಂಗ್ ನಾಕ ಬಟ್ಟ ಎತ್ತರ ಐತ್ರಿ ಸರ್, ಎತ್ತರದ ರಿಂಗಿಗೆ ಕೈ ಕೂಡಿಸಿದ ಹುಡುಗ್ಯಾರು ಬ್ಯಾರೆ ಊರಿಗೆ ಹೋದ್ರ ಚೆಂಡು ಹಿಂದಿನ ಕಬ್ಬಿಣಕ್ಕ ಬಡೀತೈತಿ, ಅದಕ್ಕ ಗೋವಾದಾಗ ಒಂಬತ್ತು, ಅದಕ್ಕ ಕಳಪೆ, ಬೇಕಾದ್ರ ಬರ್ರಿ, ನಿಮ್ಮ ಮುಂದಽ ಅಳದ ತೋರಸ್ತೀನಿ — ಕುಲಸಚಿವರು ಹಗ್ಗವನ್ನು ಹಾವು ನೋಡಿದಂತೆ ನೋಡುತ್ತಿದ್ದಾರೆ, ಆಮೇಲೆ ಮಾರ್ತಾಂಡ ಸರ್ ಕಡೆ ತಿರುಗಿದರು, ಹೌದೇನ್ರಿ ಮಾರ್ತಾಂಡ, ಮಾರ್ತಾಂಡ ಸರ್ ಸೀಟಿಯನ್ನು ಹೆಬ್ಬೆರಳಿನಿಂದ ತಿಕ್ಕಿದರು, ಅದೂ... ಆಕಿ ಹೇಳೂದು ಬರೋಬರ್ ಐತ್ರಿ, ನಾನಽ ನಿಂತ ಹಾಕಿಸಿದ್ದು, ಮದಲ ಕಂಬ, ಆಮ್ಯಾಲ ನೆಲಾ ಅಂದಿದ್ರು, ನಾಕ ಬಟ್ಟ ಕಾಂಕ್ರೀಟ್ ಬರೂದಿತ್ತು, ಅದಕ್ಕ ನಾಕ ಬಟ್ಟ ಮ್ಯಾಲ ಹಾಕಿಸಿದ್ನಿ, ಕಾಂಕ್ರೀಟ್ ಅರ್ಧಕ್ಕ ನಿಂತು, ಹಂಗಽ ಉಳೀತು — ಬಾರದ ನೆಲಕ್ಕೆ ಅಳತೆ ಮಾಡಿ ನಿಲ್ಲಿಸಿದ ರಿಂಗು, ಅದರ ಕೆಳಗೆ ಇಪ್ಪತ್ತೊಂದು ವರ್ಷ ಆಡಿದ ಹುಡುಗಿಯರು, ನಾ ಕೇಳಿದಾಗ ನಿಮಗ ನೆನಪಾಗಲಿಲ್ಲೇನ್ರಿ ಸರ್ರ, ಬೆಳಗಾವಿಯೊಳಗ, ಆಯ್ಕೆ ದಿನ, ಎಂದು ಕೇಳಿದಳು, ಕೇಳಬಾರದಿತ್ತು, ಅಥವಾ ಎಂದೋ ಕೇಳಬೇಕಿತ್ತು, ಅವರು ತಲೆ ಎತ್ತಲಿಲ್ಲ, ಅವತ್ತ ರಾತ್ರಿ ನೆನಪಾತು ಪೂರ್ಣಿಮಾ, ಖರೇ ಹೇಳ್ತೀನಿ, ಹುಡುಗ್ಯಾರು ಆಡೂದು ಎಷ್ಟ ದಿನದ್ದು, ನಾಕ ಬಟ್ಟಕ್ಕ ಯಾರು ಕಂಬಾ ಕಡಸ್ತಾರ ಅಂತ ಬಿಟ್ಟೆ, ಆಮ್ಯಾಲ ಮರ್ತೆ. ಮರೆತರಂತೆ, ಆಕೆ ಮಾತ್ರ ಒಂದು ದಿನವೂ ಮರೆಯಲಿಲ್ಲ.

ಸಿಟ್ಟು ಬರಬೇಕಿತ್ತು, ಬಂದಿದೆ, ಆದರೆ ಕೂಗುವ ಸಿಟ್ಟಲ್ಲ, ಗಜದಂತೆ ನೆಟ್ಟಗೆ ಮಲಗಿದ ಸಿಟ್ಟು, ಹಳೇದು ಬಿಡ್ರಿ ಮೇಡಂ, ಎನ್ನುತ್ತಿದ್ದಾರೆ ಬಸವಪ್ರಸಾದರು, ರಿಂಗ್ ಮುಂದಿನ ವರ್ಷ ನೋಡೂಣು, ಈಗ ಇದೊಂದು ಮುಗಿಸಿಬಿಡ್ರಿ, ನಿಮ್ಮದೂ ಮುಗಿಸೂಣು — ಮುಂದಿನ ವರ್ಷ, ಮತ್ತೆ ಅದೇ ಮುಂದಿನ ವರ್ಷ, ಆ ವರ್ಷಕ್ಕೆ ಯಾವ ಪಂಚಾಂಗದಲ್ಲೂ ಜಾಗವಿಲ್ಲ, ಹಸಿರು ಫೈಲಿನ ಅಂಚು ಅವಳ ಮೊಣಕೈಗೆ ತಾಗುತ್ತಿದೆ, ಮೂವತ್ತೊಂಬತ್ತು ವಯಸ್ಸು, ಅವ್ವನ ಔಷಧ, ಬಾಗಿಲ ಮೇಲಿನ ಖಾಲಿ ಗೂಟ, ಅವ್ವ ಇನ್ನು ಸಾಯುವವರೆಗೆ ಇಬ್ಬರ ಹೆಸರು ಸೇರಿಸಿ ಬೈಯುತ್ತಾಳೆ, ಅಪ್ಪನದೂ ಮಗಳದೂ, ಬೈಯಲಿ, ಬಿಳಿ ಗಾದಿಯ ಮುಂದೆ ನಿಂತಾಗ ಅಪ್ಪನಿಗೂ ಹೀಗೇ ಎದೆ ಹೊಡೆದುಕೊಂಡಿತ್ತೇನೋ, ಶಿಫಾರಸು ನಂದಲ್ಲರಿ ಸರ್, ನಾ ಮಾಡಿಲ್ಲ, ಮಾಡಂಗಿಲ್ಲ, ಎಂದಳು, ಫೈಲನ್ನು ಬೆರಳ ತುದಿಯಿಂದ ಅವರ ಕಡೆ ತಳ್ಳಿದಳು, ಇದು ಹಿಂದಕ್ಕ ಹೋತಂದ್ರ ಮತ್ತ ಬರಂಗಿಲ್ಲ ಮೇಡಂ, ವಿಚಾರ ಮಾಡ್ರಿ, ಎಂದರು ಅವರು, ಹೋಗ್ಲಿರಿ, ಎಂದಳು, ತಂಡಾ ತಗೀಬೇಕಂದ್ರ ನಿಮ್ಮ ಹೆಸರಿನ್ಯಾಗ ತಗೀರಿ, ನಾಕ ಬಟ್ಟ ಎತ್ತರ ಐತಿ ಅಂತ ಗೊತ್ತಾದ ಮ್ಯಾಲೂ ತಗದಿವಿ ಅಂತ ಬರೀರಿ, ನಾ ಹುಡುಗ್ಯಾರನ್ನ ಕರ್ಕೊಂಡು ದಿನಾ ಮ್ಯಾಲಿನ ಮನ್ಯಾಗಽ ನಿಂದರ್ತೀನಿ, ಇಳಸವ್ರು ಬಂದು ಇಳಸ್ರಿ — ಠಣ್ — ಪೆನ್ನಿಗೆ ಮುಚ್ಚಳ ಹಾಕಿದಳು, ಸಹಿಗೆಂದು ಬಿಟ್ಟ ಜಾಗದ ಮೇಲೆ ತನ್ನ ಬಲಗೈ ಅಂಗಾತ ಇಟ್ಟಳು, ಯಾಕೆ ಇಟ್ಟಳೋ, ಅದು ಹದಿನೆಂಟು ವರ್ಷದಲ್ಲಿ ಮೊದಲ ಸಲ ಬರೀ ಒಂದು ಕೈಯಂತೆ ಕಾಣುತ್ತಿದೆ, ಒಳ್ಳೆಯ ಕೈ, ಮಾರ್ತಾಂಡ ಸರ್ ಸೀಟಿಯ ದಾರವನ್ನು ಕೊರಳಿನಿಂದ ತೆಗೆದು ಮೇಜಿನ ಮೇಲೆ ಹಾಕಿದರು, ಹೊರಗೆ ಚೆಂಡು ನೆಲಕ್ಕೆ ಎರಡು ಸಲ ಪುಟಿಯಿತು, ನಿಂತಿತು, ಅಂದರೆ ಕೈಗೆ ಬಂದಿದೆ, ಎತ್ತಿದ್ದಾಳೆ, ಈಗ ಎಸೆದಿರುತ್ತಾಳೆ, ಈಗ — ಠಣ್ ಬರಲಿಲ್ಲ, ಮೇಲಿನ ಮನೆಯ ರಿಂಗಿಗೆ ಸರಪಳಿಯ ಬಲೆ ಇದೆ, ಝಲ್ ಎಂದಿತು, ಅಷ್ಟೇ, ಮತ್ತೆ ಪುಟಿಯಿತು, ನಿಂತಿತು, ಝಲ್, ಎದುರಿಗೆ ಹಗ್ಗದ ತುದಿ, ಅದರ ಮೇಲೆ ಮುಂಜಾನೆಯ ಬಿಸಿಲಲ್ಲಿ ಮುಗ್ಧಾ ಒತ್ತಿ ಜೋಡಿಸಿದ್ದ ಆ ಬೆರಳು, ನಾಲ್ಕು ಬೆರಳು, ನಾಲ್ಕೇ ಬೆರಳು